ಸಹಿಗಾಗಿ ಕಾದಿರುವ ಕಾಡುಹುಂಜ

ಪಶುವೈದ್ಯ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕಚೇರಿಯ ಹಿಂದಿನ ಪಂಜರದಲ್ಲಿ ಒಂದು ಕಾಡುಹುಂಜ ತಲೆ ಚಚ್ಚಿಕೊಳ್ಳುತ್ತಿದೆ. ಅದಕ್ಕೆ ಯಾವ ರೋಗವೂ ಇಲ್ಲವೆಂದು ನಿಮ್ಮ ಡಾಕ್ಟರೇ ಹೇಳಿದ್ದಾರೆ. ಆದರೂ ಸೋಮವಾರ ಅದನ್ನು ಕೊಲ್ಲುತ್ತೀರಂತೆ.

ಅದನ್ನು ನಿಮ್ಮ ಕೈಗೆ ಹಿಡಿದುಕೊಟ್ಟವಳು ನನ್ನ ಅಕ್ಕನೇ. ನಮ್ಮ ಹಿತ್ತಿಲ ಬೇಲಿಯಾಚೆ ಕುರುಚಲು ಕಾಡು. ಅಕ್ಕ ಕೋಳಿಗಳಿಗೆ ಕಾಳು ಚೆಲ್ಲುವ ಹೊತ್ತಿಗೆ ಅದು ಬೇಲಿ ಹಾರಿ ಬಂದು, ತಿಂದು, ನಮ್ಮ ಹೇಂಟೆಗಳ ಮುಂದೆ ಒಂದಿಷ್ಟು ಮೆರೆದು ಹೋಗುತ್ತಿತ್ತು. ಹೊಸ ಅಳಿಯನಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ. ಈಚೆಗೆ ಅದರ ಕೊರಳಿನ ಹೊಂಬಣ್ಣದ ಗರಿಗಳೆಲ್ಲ ಉದುರಿ ಕಪ್ಪು ಗರಿ ಬಂದವು, ಕೂಗೂ ನಿಂತಿತು. ಕೋಳಿಜ್ವರವೇನೋ ಎಂದು ಅಕ್ಕ ಗಾಬರಿಯಾಗಿ ನಿಮಗೆ ಫೋನ್ ಮಾಡಿದಳು. ಫೋನ್ ಮಾಡಿದರೆ ನಿಮ್ಮವರು ನಿಜಕ್ಕೂ ಬಂದುಬಿಡುತ್ತಾರೆಂದು ಯಾರು ತಾನೇ ಎಣಿಸಿದ್ದರು? ಬಂದವರು ಅದನ್ನು ಹಿಡಿದು ಕಚೇರಿಗೆ ಒಯ್ದರು.

ಡಾಕ್ಟರು ನೋಡಿ ನಕ್ಕರಂತೆ. ಮರಿ ಮಾಡುವ ಕಾಲ ಮುಗಿದ ಮೇಲೆ ಕಾಡುಹುಂಜ ಹೀಗೆಯೇ ಗರಿ ಉದುರಿಸಿಕೊಂಡು ತೆಪ್ಪಗಿರುತ್ತದಂತೆ. ಸಂತೋಷ, ಹಾಗಾದರೆ ಬಿಡಿ ಎಂದೆವು. ಬಿಡಲು ಮಾಲೀಕರ ಸಹಿ ಬೇಕೆಂದರು ನಿಮ್ಮ ಗುಮಾಸ್ತರು. ಸಹಿ ಹಾಕಿದರೆ, ಕಾಡುಪಕ್ಷಿ ಸಾಕಿದ ಅಪರಾಧಕ್ಕೆ ಅಕ್ಕನ ಮೇಲೆ ಕೇಸು. ಹಾಕದಿದ್ದರೆ, ರೋಗದ ಶಂಕೆಯಲ್ಲಿ ತಂದ ವಾರಸುದಾರರಿಲ್ಲದ ಕೋಳಿ ಎಂದು ಅದಕ್ಕೆ ಸಾವು. ಅಂದರೆ ಬಿಡುವಾಗ ಅದು ಕಾಡುಪಕ್ಷಿ, ಕೊಲ್ಲುವಾಗ ಬರೀ ಕೋಳಿ! ಮಾನ್ಯರೇ, ಲೋಕದ ಕೋಳಿಗಳೆಲ್ಲ ಹುಟ್ಟಿದ್ದು ಇಂಥ ಕಾಡುಕೋಳಿಗಳಿಂದ. ದಿನಾ ಮೊಟ್ಟೆ ತಿಂದು ಅವುಗಳ ಆಸ್ತಿ ಕರಗಿಸುತ್ತಿರುವವರು ನಾವು. ಈಗ ಅದಕ್ಕೇ ವಾರಸುದಾರರು ಬೇಕೇ?

ನಿನ್ನೆ ನೋಡಲು ಹೋಗಿದ್ದೆವು. ಯಾರಾದರೂ ಹತ್ತಿರ ಬಂದರೆ ಅದು ನೆಟ್ಟಗೆ ಮೇಲಕ್ಕೆ ಹಾರುತ್ತದೆ, ನೆತ್ತಿ ತಂತಿಗೆ ಬಡಿಯುತ್ತದೆ. ನೆತ್ತಿಯ ಚರ್ಮ ಕಿತ್ತುಹೋಗಿದೆ. ಅಕ್ಕ ಪಂಜರಕ್ಕೆ ಬೆನ್ನು ಮಾಡಿ ಅತ್ತಳು. ಆಮೇಲೆ ಗುಮಾಸ್ತರಿಗೆ ಹೇಳಿದಳು:

"ಅದು ನಂದಲ್ಲ. ಆದ್ರೂ ಸೋಮವಾರ ಬಂದು ಸಹಿ ಹಾಕ್ತೀನಿ. ಏನಾಗುತ್ತೋ ಆಗ್ಲಿ."

ಅವಳು ಅಂದದ್ದನ್ನು ಮಾಡಿಯೇ ತೀರುವವಳು. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಫ್ಯಾನುಗಳು ಬಿಚ್ಚಿದಂತೆಯೇ ಬಿದ್ದಿವೆ. ನನ್ನ ಬೇಡಿಕೆ ಇಷ್ಟೇ. ಅವಳು ಬರುವುದರೊಳಗೆ ಪಂಜರದ ಚಿಲಕ ಹಾಕಲು ಯಾರಾದರೂ ಮರೆಯಲಿ. ನಿಮ್ಮ ಗೋಡೆಯಾಚೆಗೂ ಅದೇ ಕಾಡಿದೆ. ನಿಮ್ಮಲ್ಲಿ ಎಷ್ಟೋ ಅರ್ಜಿಗಳು ಕಣ್ಮರೆಯಾಗಿವೆ, ಯಾರ ಕೂದಲೂ ಕೊಂಕಿಲ್ಲ. ಒಂದು ಹುಂಜವೂ ಕಣ್ಮರೆಯಾಗಲಿ. ಅಕ್ಕನಿಗೆ ಖಾಲಿ ಪಂಜರ ತೋರಿಸಿ, ಕಚೇರಿಯ ಸಮಯ ಹಾಳು ಮಾಡಿದೆಯೆಂದು ಚೆನ್ನಾಗಿ ಬೈದು ಕಳಿಸಿ. ಅವಳು ಬೈಸಿಕೊಂಡು ನಗುತ್ತಾ ಮನೆಗೆ ಬರಲಿ.

ಇಂತಿ,
ನಿಮ್ಮ ಫೋನ್ ನಂಬರನ್ನು ಅಕ್ಕನಿಗೆ ಹುಡುಕಿಕೊಟ್ಟ ತಮ್ಮ