ಸೋಮವಾರದ ಸಹಿ

ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಪೆನ್ನು ಹಿಡಿದು ಕೂತರೂ ಮನಸ್ಸು ಎಲ್ಲೋ ಇರುತ್ತದೆ.

ನಾನು ಮೂರು ವರ್ಷ ಒದ್ದಾಡಿ ಮಾಡಿದ, ಪುಸ್ತಕದ ಬೆನ್ನಿಗೆ ಹಚ್ಚುವ ಅಂಟಿಗೆ ನೀನು ಕೆಲಸ ಮಾಡುವ ಕಂಪನಿ ನಮಗಿಂತ ಐದು ವಾರ ಮೊದಲೇ ಪೇಟೆಂಟ್ ಅರ್ಜಿ ಹಾಕಿಬಿಟ್ಟಿದೆ. ಗುಟ್ಟು ಹೋದದ್ದು ಇಲ್ಲಿಂದಲೇ ಎಂದು ಎಲ್ಲರೂ ನಂಬಿದ್ದಾರೆ. ನಾನು ಒಳಗೆ ಕಾಲಿಟ್ಟರೆ ಪ್ರಯೋಗಾಲಯದಲ್ಲಿ ಮಾತು ನಿಲ್ಲುತ್ತದೆ. ಸ್ಟೋರಿನವನೊಬ್ಬ ಮಾತ್ರ, "ಏನ್ ಮೇಡಂ, ಅಂಟು ಮಾಡೋರ ಕೈಯಿಂದಲೇ ಜಾರಿಹೋಯ್ತಲ್ಲ!" ಎಂದು ನಕ್ಕ. ಗಾಜಿನ ಪಾತ್ರೆ ಕೆಳಗಿಟ್ಟು ನಾನೂ ನಕ್ಕೆ.

ನಿನ್ನೆ ನಮ್ಮ ಕಂಪನಿಯ ವಕೀಲರು ಕರೆದರು. ತುಂಬ ಮೆತ್ತಗೆ ಮಾತಾಡುತ್ತಾರೆ, ಅದೇ ಹೆದರಿಕೆ.

"ನಿಮ್ಮ ಪ್ರಯೋಗದ ನೋಟ್‌ಬುಕ್ ಯಾವತ್ತಾದ್ರೂ ಕಟ್ಟಡದಿಂದ ಹೊರಗೆ ಹೋಗಿತ್ತಾ, ಮೇಡಂ?"

"ಇಲ್ಲ ಸರ್."

"ಹಾಗಿದ್ರೆ ಸೋಮವಾರ ಅದನ್ನೇ ಪ್ರಮಾಣ ಮಾಡಿ ಸಹಿ ಹಾಕಿಬಿಡಿ. ನೋಟ್‌ಬುಕ್ಕೂ ತನ್ನಿ. ನಿಜ ಹೇಳೋರಿಗೆ ಒಂದು ನಿಮಿಷದ ಕೆಲಸ."

ಗುಬ್ಬಿ, ಅದು ಹೊರಗೆ ಹೋಗಿತ್ತು. ಹೋದ ವರ್ಷ ಕಣ್ಣಿನ ಆಪರೇಷನ್‌ಗೆ ರಜೆ ಹಾಕಿದಾಗ, ಬಿಟ್ಟಿರಲಾರದೆ, ಊಟದ ಚೀಲದಲ್ಲಿಟ್ಟು ಮನೆಗೆ ತಂದಿದ್ದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳುವವಳಿಗೆ ನೋಟ್‌ಬುಕ್ ಯಾಕೆ ಬೇಕಿತ್ತೋ! ನೀನು ಹತ್ತು ದಿನ ಬಂದಿದ್ದು ನನ್ನನ್ನು ಮಗುವಿನ ಹಾಗೆ ನೋಡಿಕೊಂಡೆ. ಮನೆಯೊಳಗೆ ಕೆಲಸದ ಮಾತು ಬೇಡ ಎಂದು ನಾವು ಮಾಡಿಕೊಂಡ ಒಪ್ಪಂದವನ್ನು ನೀನು ಎಂದೂ ಮುರಿದವಳಲ್ಲ. ನೀನು ನನ್ನ ತಂಗಿ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ನಿಜ ಹೇಳಿದರೆ ಇಪ್ಪತ್ತೆರಡು ವರ್ಷದ ಕೆಲಸ ಹೋಗುತ್ತದೆ, ಅವರ ಮುಂದಿನ ಪ್ರಶ್ನೆಯೂ "ಮನೇಲಿ ಯಾರಿದ್ರು?" ಎಂದೇ. ಸುಳ್ಳಿಗೆ ಸಹಿ ಹಾಕಿದರೆ ಜೈಲು.

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ. ನೀನೂ ಮಗುವೂ ನೂರು ವರ್ಷ ಸುಖವಾಗಿರಿ.

ನಿನ್ನ
ಅಕ್ಕ

ಇನ್ನೊಂದು ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನಿಮ್ಮ ಅರ್ಜಿಯ ಪ್ರತಿ ನನಗೂ ಸಿಕ್ಕಿದೆ. ಅಂಟನ್ನು ಅರವತ್ಮೂರು ಡಿಗ್ರಿಗೆ ಕಾಯಿಸಬೇಕೆಂದು ಅದರಲ್ಲಿದೆ. ಅರವತ್ಮೂರಕ್ಕೆ ಅದು ಹಾಲಿನ ಹಾಗೆ ಒಡೆಯುತ್ತದೆ. ಮಾಡಿ ನೋಡಿದವರು ಯಾರೂ ಹಾಗೆ ಬರೆಯುವುದಿಲ್ಲ. ಸರಿಯಾದದ್ದು ಅರವತ್ತೊಂದು. ನನ್ನ ಥರ್ಮಾಮೀಟರ್ ಎರಡು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ರಜೆ ಮುಗಿಸಿ ಹೋದ ಮೇಲೆ ಅದು ಗೊತ್ತಾಗಿ ತಿದ್ದಿದೆ. ಆ ತಪ್ಪು ನನ್ನ ನೋಟ್‌ಬುಕ್ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಹೊಡೆದುಹಾಕಿದ ಗೀಟಿನ ಕೆಳಗೆ ಈಗಲೂ ಕಾಣುತ್ತದೆ. ವಕೀಲರು ಇನ್ನೂ ನೋಡಿಲ್ಲ.

ಕಣ್ಣಿಗೆ ಪಟ್ಟಿ ಇದ್ದಾಗ ಒಂದು ಮಧ್ಯಾಹ್ನ ಪಕ್ಕದಲ್ಲಿ ಪುಟ ತಿರುವುವ ಸದ್ದು ಕೇಳಿ, "ಏನೇ ಓದ್ತಿದ್ದೀಯ?" ಎಂದು ಕೇಳಿದ್ದೆ.

"ಕವಿತೆ, ಅಕ್ಕಾ" ಅಂತ ನೀನಂದೆ.

"ಜೋರಾಗಿ ಓದೇ, ನಾನೂ ಕೇಳ್ತೀನಿ."

"ಆಮೇಲೆ ಓದ್ತೀನಿ. ನೀನೀಗ ಮಲಕ್ಕೋ" ಎಂದು ಹೊದಿಕೆ ಸರಿಮಾಡಿದೆ. ನಾನು ಮಲಗಿದೆ, ಗುಬ್ಬಿ.