ವಿದ್ಯುತ್ ಯಾರ ಕೈಗೆ ಎಂದು ಕೇಳುವ ಮುನ್ನ

ವಿದ್ಯುತ್ ಇಲಾಖೆಯ ಮೇಲಿನ ಕುರ್ಚಿಯಲ್ಲಿರುವ ಮಾನ್ಯರೇ,

ವಿದ್ಯುತ್ ಸರಬರಾಜನ್ನು ಖಾಸಗಿ ಕಂಪನಿಗೆ ವಹಿಸಿದರೆ ಗ್ರಾಹಕರಿಗೆ ಒಳ್ಳೆಯ ಸೇವೆ ಸಿಗುತ್ತದೆಯೇ ಎಂದು ಕೇಳಿ ನೀವು ಮನೆಮನೆಗೆ ಕಳುಹಿಸಿರುವ ಹಾಳೆ ನನ್ನ ಕೈಗೂ ಬಂದಿದೆ. ಅದರಲ್ಲಿ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳಿವೆ. ಹದಿನೈದು ದಿನದೊಳಗೆ ಒಂದರಲ್ಲಿ ಗುರುತು ಹಾಕಿ ಹಿಂತಿರುಗಿಸಬೇಕಂತೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಬದಲಿಸಿ ಎಂದು ನಾನು ಕೊಟ್ಟ ಮೂರು ಅರ್ಜಿಗಳಿಗೆ ಎರಡು ವರ್ಷವಾದರೂ ಉತ್ತರಿಸದ ಕಚೇರಿ ನನಗೆ ಗಡುವು ಕೊಟ್ಟಿದೆ. ಇರಲಿ, ನನ್ನ ತಕರಾರು ಗಡುವಿನ ಬಗ್ಗೆ ಅಲ್ಲ. ಮನೆ ಸೋರಲು ಬಿಟ್ಟವರೇ ಬಂದು, ಇದನ್ನು ಯಾರಿಗೆ ಮಾರೋಣ ಹೇಳಿ ಎಂದು ಕೇಳಿದರೆ ಹೇಗಿರುತ್ತದೋ, ನಿಮ್ಮ ಪ್ರಶ್ನೆ ಹಾಗಿದೆ. ಸೋರಿದ್ದು ಯಾಕೆ ಎಂಬುದಕ್ಕೆ ನಿಮ್ಮ ಹಾಳೆಯಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ನಾನೂ ನನ್ನ ಅತ್ತೆಯೂ ಸೇರಿ ಒಂದು ಹ್ಯಾಚರಿ ನಡೆಸುತ್ತೇವೆ. ಕೋಳಿಮೊಟ್ಟೆಗಳನ್ನು ಯಂತ್ರದ ಕಾವಿನಲ್ಲಿಟ್ಟು ಮರಿ ಮಾಡಿಸುವುದು ನಮ್ಮ ಕಸುಬು. ಅತ್ತೆ ಇದನ್ನು ಒಂದು ಮರದ ಪೆಟ್ಟಿಗೆ, ಎರಡು ಬಲ್ಬು ಇಟ್ಟುಕೊಂಡು ಶುರು ಮಾಡಿದವರು. ಈಗ ಆಳೆತ್ತರದ ಯಂತ್ರವಿದೆ, ಒಂದು ಸಲಕ್ಕೆ ಎರಡು ಸಾವಿರದ ನಾನೂರು ಮೊಟ್ಟೆ ಹಿಡಿಯುತ್ತದೆ. ಮರಿ ಹೊರಬರಲು ಇಪ್ಪತ್ತೊಂದು ದಿನ ಬೇಕು. ಈ ಲೆಕ್ಕ ನಿಮ್ಮ ಇಲಾಖೆ ಹುಟ್ಟುವುದಕ್ಕೆ ಮೊದಲಿನಿಂದಲೂ ಇದೆ. ಯಾವ ಸುತ್ತೋಲೆ ಹೊರಡಿಸಿದರೂ ಇಪ್ಪತ್ತೆರಡಾಗುವುದಿಲ್ಲ.

ಕಳೆದ ವರ್ಷ ಒಂದು ಮಂಗಳವಾರ, ಮೊಟ್ಟೆಗಳಿಗೆ ಹದಿನೆಂಟು ದಿನ ತುಂಬಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಜನರೇಟರ್ ಹಾಕಿದೆವು. ಹಿಂದಿನ ವಾರವಿಡೀ ದಿನಕ್ಕೆ ನಾಲ್ಕೈದು ಗಂಟೆ ಓಡಿ ಸುಸ್ತಾಗಿದ್ದ ಅದು ಒಂದೂವರೆ ಗಂಟೆಗೆ ಕೆಟ್ಟು ನಿಂತಿತು. ನಾನು ಕಾವು ಆರಬಾರದೆಂದು ಕಂಬಳಿ ತಂದೆ. ಅತ್ತೆ ಅದನ್ನು ಕಿತ್ತು ಮೂಲೆಗೆಸೆದರು.

“ಬಾಗಿಲು ತೆಗಿ. ಇಷ್ಟು ದಿನ ಆದ್ಮೇಲೆ ಒಳಗಿರೋ ಮರಿಗೆ ಅದರದೇ ಬಿಸಿ ಇರುತ್ತೆ. ಈಗ ಬೇಕಾಗಿರೋದು ಗಾಳಿ. ಫ್ಯಾನ್ ನಿಂತ್ರೆ ಉಸಿರು ಕಟ್ಟುತ್ತೆ.”

ಎಪ್ಪತ್ತು ದಾಟಿದ ಅತ್ತೆ ಒಂದು ಬದಿ, ನಾನು ಇನ್ನೊಂದು ಬದಿ ನಿಂತು ರಟ್ಟಿನ ತುಂಡುಗಳಿಂದ ಗಾಳಿ ಬೀಸಿದೆವು. ನಡುನಡುವೆ ನಾನು ನಿಮ್ಮ ದೂರಿನ ಸಂಖ್ಯೆಗೆ ಫೋನ್ ಮಾಡುತ್ತಿದ್ದೆ. ಹತ್ತೊಂಬತ್ತು ಸಲ ಮಾಡಿದ್ದೇನೆ. ಎರಡು ಸಲ ಎತ್ತಿದರು. ಎರಡು ಸಲವೂ ಹೇಳಿದ್ದು ಒಂದೇ ಮಾತು: “ಲೈನ್‌ಮನ್ ಹೊರಟಿದ್ದಾರೆ.”

ಆ ಲೈನ್‌ಮನ್ನನ್ನು ನಮ್ಮ ಬೀದಿಯವರೆಲ್ಲ ಏಣಿಯಣ್ಣ ಎನ್ನುತ್ತೇವೆ. ಸೈಕಲ್ಲಿಗೆ ಏಣಿ ಕಟ್ಟಿಕೊಂಡೇ ಇಪ್ಪತ್ತಾರು ವರ್ಷ ಓಡಾಡಿದ ಮನುಷ್ಯ. ನಾಲ್ಕು ಗಂಟೆಗೆ ಬಂದ. ನಾನು ಬಾಯಿಗೆ ಬಂದಂತೆ ಬೈದೆ. ಆತ ತಲೆತಗ್ಗಿಸಿ ಕೇಳಿಸಿಕೊಂಡ.

“ಬೈಯಿರಿ ಅಕ್ಕ, ತಪ್ಪಿಲ್ಲ. ಆರು ಜನ ಮಾಡ್ತಿದ್ದ ಕೆಲಸಕ್ಕೆ ಈಗ ನಾವಿಬ್ಬರೇ. ಇನ್ನೊಬ್ಬ ಮಗಳ ಹೆರಿಗೆ ಅಂತ ರಜಾ ಹಾಕಿದ್ದಾನೆ. ಬೆಳಿಗ್ಗೆಯಿಂದ ಇದು ಏಳನೇ ಕಂಬ.”

“ಕಥೆ ಆಮೇಲೆ ಹೇಳು, ಮೊದಲು ಕಂಬ ಹತ್ತು” ಅಂದೆ.

ಮಾನ್ಯರೇ, ಆ ಮಾತು ನನ್ನದು. ಅದನ್ನು ಈ ಪತ್ರದಲ್ಲಿ ಬಚ್ಚಿಡುವುದಿಲ್ಲ.

ಆತ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಲೈನ್ ಬಂದ್ ಮಾಡಿರುವುದನ್ನು ಖಚಿತಪಡಿಸಿಕೊಂಡ. ಕೈಗವಸಿನ ಹೆಬ್ಬೆರಳು ಹರಿದಿತ್ತು. ಅದಕ್ಕೆ ಟೇಪು ಸುತ್ತಿದ್ದ. ಹತ್ತಿದ. ಅಷ್ಟರಲ್ಲಿ, ನಮಗೆ ಆಮೇಲೆ ತಿಳಿದಂತೆ, ಸಬ್‌ಸ್ಟೇಷನ್ನಿನಲ್ಲಿ ಪಾಳಿ ಬದಲಾಯಿತು. ಹೊಸದಾಗಿ ಬಂದವನಿಗೆ ಯಾರೂ ಏನೂ ಬರೆದಿಟ್ಟಿರಲಿಲ್ಲ, ದೂರಿನ ಫೋನುಗಳು ಮಾತ್ರ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಅವುಗಳಲ್ಲಿ ನನ್ನದೂ ಇತ್ತು. ಆ ಹೊಸಬ ಸ್ವಿಚ್ ಹಾಕಿದ.

ನಮ್ಮ ಯಂತ್ರದ ಫ್ಯಾನ್ ಗಿರ್ರೆಂದು ತಿರುಗಿತು. “ಬಂತು” ಎಂದು ಅತ್ತೆ ಕುರ್ಚಿಯ ಮೇಲೆ ಕುಸಿದು ಕೂತರು. ಅದೇ ಕ್ಷಣಕ್ಕೆ ಹೊರಗೆ ಏನೋ ಬಿದ್ದ ಸದ್ದು ಕೇಳಿಸಿತು.

ಏಣಿಯಣ್ಣ ಬದುಕಿದ. ತೊಡೆಯ ಮೂಳೆ ಎರಡು ಕಡೆ ಮುರಿಯಿತು, ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಗೆ ಒಯ್ದದ್ದು ಮೊಟ್ಟೆ ಸಾಗಿಸುವ ನಮ್ಮ ಗಾಡಿಯಲ್ಲೇ. ದಾರಿಯುದ್ದಕ್ಕೂ ಆತನ ತಲೆ ಅತ್ತೆಯ ಮಡಿಲಲ್ಲಿತ್ತು. ಮೂರನೇ ದಿನ ಮರಿಗಳು ಹೊರಬಂದವು. ಎರಡು ಸಾವಿರ ಬರಬೇಕಾದ ಕಡೆ ಆರುನೂರ ಚಿಲ್ಲರೆ. ಉಳಿದವನ್ನು ಒಡೆದು ನೋಡಿದೆ. ಕೊಕ್ಕಿನಿಂದ ಚಿಪ್ಪು ಕುಟ್ಟಲು ತಯಾರಾಗಿ, ತಿರುಗಿ ಮಲಗಿದ್ದ ಮರಿಗಳು. ಅತ್ತೆ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದರು.

ನಿಮ್ಮ ಇಲಾಖೆಯ ತನಿಖೆ ಬಹಳ ಚುರುಕಾಗಿತ್ತು, ಒಪ್ಪಿಕೊಳ್ಳುತ್ತೇನೆ. ಹನ್ನೊಂದು ದಿನದಲ್ಲಿ ವರದಿ ಬಂತು: ‘ಸಿಬ್ಬಂದಿಯ ಅಜಾಗರೂಕತೆ’. ಖಾಲಿ ಬಿದ್ದ ನಾಲ್ಕು ಹುದ್ದೆಗಳ ಅಜಾಗರೂಕತೆ ಯಾರದು? ಹರಿದ ಕೈಗವಸಿಗೆ ಟೇಪು ಸುತ್ತಿದವನದೇ? ಆ ದಿನ ನಿಮ್ಮ ಹಾಳೆ ಬಂದಿದ್ದರೆ, ‘ಹೌದು’ ಎಂಬ ಚೌಕದಲ್ಲಿ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕುತ್ತಿದ್ದೆ. ಯಾರಿಗಾದರೂ ಕೊಡಿ, ಇವರ ಸಹವಾಸ ಸಾಕು ಎನ್ನಿಸಿತ್ತು.

ಆದರೆ ಅತ್ತೆಯ ತಮ್ಮ, ನಮ್ಮ ಚಿಕ್ಕಮಾವ, ಬೇರೊಂದು ಊರಿನಲ್ಲಿ ಮಂಜುಗಡ್ಡೆ ಕಾರ್ಖಾನೆ ಇಟ್ಟಿದ್ದಾರೆ. ಆ ಊರಿನ ವಿದ್ಯುತ್ತು ಖಾಸಗಿಯವರ ಕೈಗೆ ಹೋಗಿ ನಾಲ್ಕು ವರ್ಷವಾಯಿತು. ಕೇಳಿಕೊಂಡು ಬರೋಣವೆಂದು ಹೋದ ತಿಂಗಳು ಇಬ್ಬರೂ ಹೋಗಿದ್ದೆವು. ಮಾವ ಮೊದಲು ಹೊಗಳಿದರು. ಮೀಟರ್ ಕೆಟ್ಟರೆ ಅದೇ ದಿನ ಹೊಸದು, ಫೋನ್ ಮಾಡಿದರೆ ಎರಡನೇ ರಿಂಗಿಗೆ ಎತ್ತುತ್ತಾರೆ, ಪೇಟೆಯ ಅಂಗಡಿಗಳಲ್ಲಿ ದೀಪ ಮಿಣುಕುವುದೂ ಇಲ್ಲ. ಇದೆಲ್ಲ ಸುಳ್ಳಲ್ಲ. ನಾವು ಪೇಟೆಯಲ್ಲಿ ಕಣ್ಣಾರೆ ಕಂಡೆವು.

“ಹಾಗಾದ್ರೆ ನಿನಗೇನು ಕಷ್ಟ?” ಅತ್ತೆ ಕೇಳಿದರು.

“ನಾನಿರೋದು ಪೇಟೇಲಿ ಅಲ್ವಲ್ಲ ಅಕ್ಕ. ಲೈನಿನ ತುದೀಲಿ. ಇಲ್ಲಿ ನನ್ನದೊಂದು ಕಾರ್ಖಾನೆ, ಇಪ್ಪತ್ತು ಮನೆ. ನಮಗೋಸ್ಕರ ಹೊಸ ತಂತಿ ಎಳೆದ್ರೆ ಅವರಿಗೆ ಗಿಟ್ಟಲ್ಲ. ಕರೆಂಟು ಹೋದಾಗ ಫೋನ್ ಮಾಡ್ತೀನಿ. ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡ್ತಾಳೆ. ಸ್ವಲ್ಪ ಹೊತ್ತಿಗೆ ನಿಮ್ಮ ದೂರು ಬಗೆಹರಿದಿದೆ ಅಂತ ಮೆಸೇಜ್ ಬರುತ್ತೆ. ಅದನ್ನ ಕತ್ತಲಲ್ಲಿ ಕೂತು ಓದ್ತೀನಿ. ಕೆಳಗೆ ಗಡ್ಡೆ ಕರಗಿ ನೀರು ಹರೀತಾ ಇರುತ್ತೆ.”

“ಹೋಗಿ ಕೇಳಬಾರದಾ?”

“ಎಲ್ಲಿಗೆ ಹೋಗ್ಲಿ? ಇಲ್ಲಿದ್ದ ಕಚೇರಿ ಮುಚ್ಚಿದ್ರು. ಮೊದಲು ಬೈಯೋಕೆ ಒಂದು ಮುಖ ಆದ್ರೂ ಇತ್ತು.”

“ಬೈದು ಏನು ಕಡಿದು ಕಟ್ಟೆ ಹಾಕಿದ್ದೆ ನೀನು?” ಎಂದರು ಅತ್ತೆ. ಮಾವ ನಕ್ಕರು.

ಕಂಬ ಹತ್ತುವವರ ಬಗ್ಗೆ ನಾನು ಕೇಳಿದೆ. ಗುತ್ತಿಗೆಯವರು, ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ನಮ್ಮನ್ನೇ ಕೇಳುತ್ತಾರೆ ಎಂದರು ಮಾವ. ಮತ್ತೆ, ಒಬ್ಬೊಬ್ಬರೇ ಬರುತ್ತಾರಂತೆ.

ಈಗ ಹೇಳಿ, ನಿಮ್ಮ ಹಾಳೆಯ ಯಾವ ಚೌಕ ನನ್ನದು? ‘ಇಲ್ಲ’ ಎಂದರೆ ನಿಮ್ಮ ಖಾಲಿ ಹುದ್ದೆಗಳಿಗೆ ನಾನು ಸಹಿ ಹಾಕಿದಂತೆ. ‘ಹೌದು’ ಎಂದರೆ ಪೇಟೆ ಬೆಳಗಿದ್ದನ್ನು ನೋಡಿ ಲೈನಿನ ತುದಿಯಲ್ಲಿರುವವರನ್ನು ಮರೆತಂತೆ. ಕಂಪನಿ ಬಂದರೆ ಅದನ್ನು ಅಂಕೆಯಲ್ಲಿಡುವವರು ತಾವೇ ಎಂದು ನಿಮ್ಮ ಹಾಳೆಯ ಹಿಂಬದಿಯಲ್ಲಿ ಅಚ್ಚಾಗಿದೆ. ಸ್ವಂತ ಸಿಬ್ಬಂದಿಗೆ ಒಂದು ಜೊತೆ ಕೈಗವಸು ಒದಗಿಸಲಾಗದ ಇಲಾಖೆ ಅಷ್ಟು ದೊಡ್ಡ ಕಂಪನಿಯ ಕಿವಿ ಹಿಂಡುತ್ತದೆಯೇ? ನಗು ಬರುತ್ತದೆ ಎನ್ನಲೂ ನನಗೆ ಈಗ ನಗು ಬರುವುದಿಲ್ಲ.

ಈ ಪತ್ರ ಬರೆಯುವ ಮುನ್ನ ಏಣಿಯಣ್ಣನ ಮನೆಗೆ ಹೋದೆ. ಕ್ಷಮೆ ಕೇಳಲು ವರ್ಷವಿಡೀ ಧೈರ್ಯ ಸಾಲದೆ ಮುಂದೂಡಿದ್ದೆ. ಆತ ಒಂದೇ ಕೋಣೆಯ ಮನೆಯ ಹೊಸ್ತಿಲ ಬಳಿ ಕೂತು, ಎಡಗೈಯಲ್ಲಿ ಅಕ್ಷರ ಬರೆಯುವುದನ್ನು ಕಲಿಯುತ್ತಿದ್ದ. ನಿಮ್ಮ ದೂರಿನ ಕೌಂಟರಿನಲ್ಲಿ ಅವನಿಗೆ ಕೆಲಸ ಕೊಡುವುದಾಗಿ ಹೇಳಿದ್ದೀರಂತೆ. ಅದಕ್ಕೆ ಬರೆಯಲು ಬರಬೇಕಂತೆ. ಆವತ್ತು ‘ಹತ್ತು’ ಎಂದವಳು ನಾನು ಎಂದೆ. ಆತ ಪೆನ್ಸಿಲ್ ಕೆಳಗಿಟ್ಟ.

“ನೀವು ಹೇಳದಿದ್ರೂ ಹತ್ತುತ್ತಿದ್ದೆ ಅಕ್ಕ. ಆದ್ರೆ ಆವತ್ತು ನೀವು ಹೇಳಿದ್ದು ನೋವಾಯ್ತು.”

ಆ ಮಾತು ನನಗೆ ಸಲ್ಲಬೇಕಾದದ್ದೇ. ಏಳುವಾಗ ನಿಮ್ಮ ಹಾಳೆ ತೋರಿಸಿ, ನೀನಾದರೆ ಯಾವುದಕ್ಕೆ ಗುರುತು ಹಾಕುತ್ತೀ ಎಂದು ಕೇಳಿದೆ. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನಗೇ ಕೊಟ್ಟ.

“ಯಾರಾದ್ರೂ ಬರ್ಲಿ ಅಕ್ಕ. ಒಬ್ಬ ಕಂಬ ಹತ್ತಿದಾಗ ಕೆಳಗೆ ಇನ್ನೊಬ್ಬ ನಿಂತಿರ್ಬೇಕು. ಇದರಲ್ಲಿ ಅದು ಎಲ್ಲೂ ಬರೆದಿಲ್ಲ.”

ಆದ್ದರಿಂದ ಹಾಳೆಯನ್ನು ಯಾವ ಚೌಕವನ್ನೂ ಮುಟ್ಟದೆ ಇದರೊಂದಿಗೆ ಹಿಂತಿರುಗಿಸುತ್ತಿದ್ದೇನೆ. ಮಾರುವುದಾದರೂ ಇಟ್ಟುಕೊಳ್ಳುವುದಾದರೂ, ಮೊದಲು ಆ ನಾಲ್ಕು ಹುದ್ದೆಗಳನ್ನು ತುಂಬಿ. ಪ್ರತಿ ಬೀದಿಯಲ್ಲಿ ಎಷ್ಟು ಗಂಟೆ ಕರೆಂಟು ಇರಲಿಲ್ಲವೆಂದು ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಿ. ಗ್ರಾಹಕ ನಡೆದುಕೊಂಡು ಹೋಗಿ ಎದುರು ನಿಲ್ಲಬಹುದಾದ ಒಂದು ಮೇಜು, ಅದರ ಹಿಂದೆ ಉತ್ತರ ಕೊಡುವ ಒಬ್ಬ ಮನುಷ್ಯ ಪ್ರತಿ ಊರಿನಲ್ಲೂ ಇರಲೇಬೇಕೆಂದು ಕಾಗದದ ಮೇಲೆ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ. ತನಿಖಾ ವರದಿಯಿಂದ ‘ಸಿಬ್ಬಂದಿಯ’ ಎಂಬ ಪದ ತೆಗೆದು ‘ಇಲಾಖೆಯ’ ಎಂದು ತಿದ್ದಿ. ಆಮೇಲೆ ನನ್ನ ಅಭಿಪ್ರಾಯ ಕೇಳಿ. ಹದಿನೈದು ದಿನ ಬೇಡ, ಅದೇ ದಿನ ಹೇಳುತ್ತೇನೆ.

ಇಂತಿ,
ಬೈಯಬಾರದವನನ್ನು ಬೈದು, ಬೈಯಬೇಕಾದವರಿಗೆ ಒಂದು ವರ್ಷ ತಡವಾಗಿ ಬರೆಯುತ್ತಿರುವ
ಒಬ್ಬ ಗ್ರಾಹಕಿ