ದೊಡ್ಡಪ್ಪನ ಉಸಿರು

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಒಂಬತ್ತು ಲೆನ್ಸ್ ಸವೆಸಿದೆ. ಒಂದರ ಅಂಚು ಒಡೆಯಿತು. ಮಾಲೀಕರು ಮುಖ ಗಂಟು ಹಾಕಿಕೊಂಡರು. ಹಾಕಿಕೊಳ್ಳಲಿ. ಕನ್ನಡಕದ ಅಂಗಡಿಯಲ್ಲಿ ಹದಿನಾರು ವರ್ಷ ದುಡಿದಿದ್ದೇನೆ, ಒಡೆದದ್ದನ್ನು ಬಚ್ಚಿಡುವ ವಯಸ್ಸು ದಾಟಿದೆ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ. ಎಂದಿನಂತೆ ಅಣ್ಣನ ಮನೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅತ್ತಿಗೆ ಕೆಲಸಕ್ಕೆ ಹೋದ ಮೇಲೆ ಅವನ ಜೊತೆ ಕೂರುವುದು ನನ್ನ ಪಾಳಿ. ಪರದೆ ಎಳೆದೇ ಇತ್ತು. ಅಣ್ಣ ಮಂಚದ ಮೇಲೆ, ಗೋಡೆ ಕಡೆ ಮುಖ ಮಾಡಿ. ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನು. ಈಗ ಬೆಳಕು, ಕತ್ತಲೆ, ಅಷ್ಟೇ ಗೊತ್ತಾಗುವುದು. ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ನರ ತಿಂದುಹಾಕಿದೆ. ಹೋದದ್ದು ವಾಪಸ್ ಬರುವುದಿಲ್ಲ ಅಂದಿದ್ದಾರೆ ಡಾಕ್ಟರು.

"ಊಟ ಆಯ್ತಾ?"

"ಹೂಂ."

ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಮೇಷ್ಟ್ರು ಫೋನ್ ಮಾಡಿದ್ದರು. ಹೊಸ ತಂಡ ಇಪ್ಪತ್ತಮೂರಕ್ಕೆ ಶುರು. ಅದು ತಪ್ಪಿದರೆ ಮುಂದಿನ ವರ್ಷವೇ. ಹೇಳಿದೆ.

"ಕೋಲೂ ಬೇಡ, ಗೀಲೂ ಬೇಡ. ತಲೆ ತಿನ್ಬೇಡ ಗುಬ್ಬಿ, ಹೋಗು."

ಇನ್ನೊಂದು ವರ್ಷ ಹೀಗೇ ಗೋಡೆಗೆ ಮುಖ ಕೊಟ್ಟು ಮಲಗಿದರೆ ಅಣ್ಣ ನಮಗೆ ಸಿಗುವುದಿಲ್ಲ. ಭಯವಾಗುತ್ತಿದೆ.

ಮಾರ್ಚ್ 4, ಬುಧವಾರ

ಅಟ್ಟದಲ್ಲಿ ಅವನ ಸ್ವೆಟರ್ ಹುಡುಕುತ್ತಿದ್ದೆ. ಸಿಕ್ಕಿದ್ದು ಹಳೆಯ ಗೇಮ್ ಪೆಟ್ಟಿಗೆ! ವೈರು, ಕಂಟ್ರೋಲರ್, ಡಿಸ್ಕ್, ಎಲ್ಲ ಇದೆ. ನಾನು ಬರೆದ ನಕ್ಷೆಯ ನೋಟ್‌ಬುಕ್ ಕೂಡ. ಅಕ್ಷರ ಎಷ್ಟು ದುಂಡಗಿತ್ತು ಆಗ...

ಆಟದ ಕಥೆ ಇಷ್ಟು: ದೂರದ ಗ್ರಹದಲ್ಲೊಂದು ಗಣಿ. ಎಲ್ಲರೂ ಸತ್ತಿದ್ದಾರೆ, ರಿಪೇರಿಯವನೊಬ್ಬ ಮಾತ್ರ ಉಳಿದಿದ್ದಾನೆ. ಬಂದೂಕಿನಲ್ಲಿ ಗುಂಡು ಮೂರೋ ನಾಲ್ಕೋ. ಸೂರಿನ ಕೊಳವೆಗಳಲ್ಲಿ ಒಂದು ಪ್ರಾಣಿ ತೆವಳುತ್ತಾ ಇರುತ್ತದೆ. ಹೇಳದೆ ಕೇಳದೆ ಬಂದು ವಕ್ಕರಿಸುತ್ತದೆ ಅಂತ ಅದಕ್ಕೆ ನಾವಿಟ್ಟ ಹೆಸರು ದೊಡ್ಡಪ್ಪ. ನಮ್ಮ ನಿಜವಾದ ದೊಡ್ಡಪ್ಪನೂ ಹಾಗೇ ಬರುತ್ತಿದ್ದರು, ಊಟದ ಹೊತ್ತಿಗೆ ಸರಿಯಾಗಿ.

ಕಂಟ್ರೋಲರ್ ಅಣ್ಣನದು, ನಕ್ಷೆ ನನ್ನದು. ನಾನು ಪುಕ್ಕಲಿ, ಒಂದು ಸಲವೂ ಆಡಿದವಳಲ್ಲ. ಉದ್ದನೆಯ ಕಾರಿಡಾರ್‌ವರೆಗೆ ಹೋಗುತ್ತಿದ್ದೆವು, ಅಲ್ಲಿ ದೀಪ ಆರುತ್ತಿತ್ತು, ದೊಡ್ಡಪ್ಪ ಬರುತ್ತಿದ್ದ, ಕಥೆ ಮುಗಿಯಿತು. ಎರಡು ಬೇಸಿಗೆ ರಜೆ ಆಡಿದರೂ ಅದನ್ನು ದಾಟಲಾಗಲಿಲ್ಲ.

ಮಾರ್ಚ್ 6, ಶುಕ್ರವಾರ

ಬರೆಯಲೇಬೇಕು. ಅಣ್ಣ ನಕ್ಕ!

ಅವನನ್ನು ಕೇಳದೆಯೇ ಟಿವಿಗೆ ಜೋಡಿಸಿ, ಕಂಟ್ರೋಲರ್ ನಾನೇ ಹಿಡಿದೆ. ಆಟ ಶುರುವಾದದ್ದೇ ಕೋಣೆಯೆಲ್ಲ ಸದ್ದು. ಹನಿ ತೊಟ್ಟಿಕ್ಕುವುದು, ಕಬ್ಬಿಣದ ಮೇಲೆ ಬೂಟು, ಎಲ್ಲೋ ಫ್ಯಾನು. ನನಗೇ ಹೊಸದು. ಅಪ್ಪ ರಾತ್ರಿಪಾಳಿ ಮುಗಿಸಿ ಹಗಲು ಮಲಗುತ್ತಿದ್ದರು, ನಾವು ಸೌಂಡ್ ಸೊನ್ನೆಗಿಟ್ಟೇ ಆಡಿದವರು. ಈ ಆಟಕ್ಕೆ ಸದ್ದಿದೆ ಎನ್ನುವುದೇ ನಮಗೆ ಮರೆತುಹೋಗಿತ್ತು.

ಕಾರಿಡಾರ್‌ನಲ್ಲಿ ದೀಪ ಆರಿತು. ಕೊಳವೆಯೊಳಗಿಂದ ಉಸಿರು. ಗೊರಗೊರ, ಶೀತವಾದವರ ಹಾಗೆ.

ಅಣ್ಣ ಮಗ್ಗುಲು ಬದಲಿಸಿದ. "ಅದೇನೇ ಸದ್ದು?"

"ದೊಡ್ಡಪ್ಪ."

"ಬಲಗಡೆಯಿಂದ ಬರ್ತಿದಾನೆ. ಎಡಕ್ಕೆ ಸರಿ... ಸರಿಯೇ ಕತ್ತೆ!"

ಸರಿಯಲಿಲ್ಲ. ಸತ್ತೆ. ಅಣ್ಣ ಎದ್ದು ಕೂತಿದ್ದ.

"ಅಂದ್ರೆ ಅವನು ಪ್ರತಿ ಸಲ ಹೇಳೇ ಬರ್ತಿದ್ದ! ನಾವೇ ಸೌಂಡ್ ಆರಿಸಿಟ್ಟು ಸಾಯ್ತಿದ್ವಿ! ಅಯ್ಯೋ ನಮ್ಮ ಬುದ್ಧಿಗಿಷ್ಟು..." ಹೊಟ್ಟೆ ಹಿಡಿದುಕೊಂಡು ನಕ್ಕ. ಐದು ತಿಂಗಳಾಗಿತ್ತು ಆ ನಗು ಕೇಳಿ. ತಟ್ಟೆ ಕೈಗಿಟ್ಟೆ, ಉಂಡ.

ಮಾರ್ಚ್ 10, ಮಂಗಳವಾರ

ಮತ್ತೆ ಕೋಲಿನ ಮಾತೆತ್ತಿದೆ. ಸಿಟ್ಟು ನೆತ್ತಿಗೇರಿತು ಅವನಿಗೆ.

"ಹೇಳೋದು ಸುಲಭ ಕಣೇ. ನೀನು ಕಣ್ಣು ಮುಚ್ಕೊಂಡು ಆ ಕಾರಿಡಾರ್ ದಾಟು. ದಾಟಿದ ದಿನ ನಾನು ಕೋಲು ಹಿಡಿತೀನಿ."

"ಮಾತು ಅಂದ್ರೆ ಮಾತು?"

"ಮಾತು ಅಂದ್ರೆ ಮಾತು."

ಉತ್ತರನ ಪೌರುಷ ಒಲೆ ಮುಂದೆ ಅನ್ನುತ್ತಾರಲ್ಲ, ಹಾಗಾಗಿದೆ ನನ್ನ ಸ್ಥಿತಿ. ಒಪ್ಪಿಕೊಂಡು ಬಂದಿದ್ದೇನೆ.

ಮಾರ್ಚ್ 14, ಶನಿವಾರ

ಪೆಟ್ಟಿಗೆ ಮನೆಗೆ ತಂದಿದ್ದೇನೆ. ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಅಭ್ಯಾಸ. ಇವತ್ತಿಗೆ ಮೂವತ್ತೊಂದು ಸಲ ಸತ್ತೆ. ಉಸಿರು ಕೇಳುತ್ತದೆ, ಯಾವ ಕಡೆಯಿಂದ ಅಂತ ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ. ಎರಡೇ ನಿಮಿಷದ ಕತ್ತಲೆ ನನ್ನದು, ಬೇಡ ಎನಿಸಿದರೆ ಬಿಚ್ಚಬಹುದು... ಅವನಿಗೆ?

ಒಂಬತ್ತು ದಿನ ಉಳಿದಿದೆ.

ಮಾರ್ಚ್ 17, ಮಂಗಳವಾರ

ಕೆಡಿಸಿಕೊಂಡೆ. ನಾನೇ ಕೆಡಿಸಿಕೊಂಡೆ.

ಪೆಟ್ಟಿಗೆ ವಾಪಸ್ ಒಯ್ದು ಅಣ್ಣನ ಮುಂದೆ ಕೂತೆ. ದುಪಟ್ಟಾ ಕಟ್ಟಿಕೊಂಡೆ ಅಂದೆ. ಕಟ್ಟಿಕೊಂಡಿರಲಿಲ್ಲ. ಅವನಿಗೆ ಹೇಗೂ ಕಾಣುವುದಿಲ್ಲ ಅಂತ ಲೆಕ್ಕ ಹಾಕಿದ ತಲೆ ಇದು. ಥೂ. ದೀಪ ಆರುವ ಕ್ಷಣದಲ್ಲಿ ಕೊಳವೆಯ ಬಾಯಲ್ಲಿ ನೆರಳು ಕಂಡದ್ದೇ ಸರಿದೆ, ಓಡಿದೆ, ದಾಟಿದೆ.

"ದಾಟಿದೆ ಅಣ್ಣಾ!"

ಅಣ್ಣ ನನ್ನ ಕಡೆ ತಿರುಗಿದ. "ನೀನು ಕಣ್ಣು ಬಿಟ್ಟಿದ್ದೆ."

"ಇಲ್ಲಪ್ಪ..."

"ಅವನು ಉಸಿರು ಬಿಡೋಕೆ ಮುಂಚೆನೇ ನೀನು ಸರಿದೆ. ನಿನ್ನ ಬೂಟಿನ ಸದ್ದು ಮೊದಲು ಬಂತು. ಎಲ್ಲರಿಗೂ ನಾನು ಸುಲಭವಾಗ್ಬಿಟ್ಟೆ ಅಲ್ವಾ? ಏನು ಹೇಳಿದ್ರೂ ನಡೆಯುತ್ತೆ."

ಅಳು ಬಂತು. ಒಳಗಿದ್ದದ್ದೆಲ್ಲ ಬಾಯಿಗೆ ಬಂತು. ಎರಡು ವರ್ಷದ ಹಿಂದೆ ಎಡಗಡೆ ಸರಿಯಾಗಿ ಕಾಣಲ್ಲ ಅಂತ ಅಂಗಡಿಗೆ ಬಂದಿದ್ದ. ವಯಸ್ಸಾಯ್ತು ಕಣೋ ಅಂತ ನಗಾಡಿ, ಪವರ್ ಬದಲಿಸಿ ಕಳಿಸಿದವಳು ನಾನು. ಒತ್ತಡ ನೋಡಿಸು ಅನ್ನಲಿಲ್ಲ. ಅಂದಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಹೇಳಿಬಿಟ್ಟೆ.

ಗೋಡೆ ಕಡೆ ತಿರುಗಿ ಮಲಗಿದ. "ಹೋಗು" ಅಂದ. ಪೆಟ್ಟಿಗೆ ಅಲ್ಲೇ ಬಿಟ್ಟು ಬಂದೆ.

ಮಾರ್ಚ್ 21, ಶನಿವಾರ

ಮೂರು ದಿನ ಹೋಗಲಿಲ್ಲ. ಮುಖ ಇರಲಿಲ್ಲ. ಇವತ್ತು ಅತ್ತಿಗೆಯ ಫೋನು.

"ಏನಮ್ಮಾ, ಕೆಳಗಿನ ಮನೆಯವರು ಜಗಳಕ್ಕೆ ಬಂದಿದ್ರು. ಮಧ್ಯಾಹ್ನವೆಲ್ಲ ಯಾವುದೋ ಮೃಗ ಗೊರಕೆ ಹೊಡೆಯುತ್ತಂತೆ ನಮ್ಮ ಮನೇಲಿ."

ಒಂದಕ್ಕೆ ಅಂಗಡಿ ಬಾಗಿಲು ಮುಚ್ಚಿದ್ದೇ ಓಡಿದೆ. ಪರದೆ ಸರಿಸಿತ್ತು. ಅಣ್ಣ ನೆಲದ ಮೇಲೆ ಕೂತು, ಕಂಟ್ರೋಲರ್ ಹಿಡಿದು, ಕುತ್ತಿಗೆ ಓರೆ ಮಾಡಿ ಕೇಳುತ್ತಿದ್ದ. ಬಸ್ಸಿನ ಇಂಜಿನ್ ಸದ್ದು ಕೇಳುವಾಗ ಹಾಗೇ ಮಾಡುತ್ತಿದ್ದ.

"ಗುಬ್ಬಿ ತಾನೇ? ಮೆಟ್ಟಿಲಿಗೇ ಗೊತ್ತಾಯ್ತು. ಎಡಗಾಲು ಎಳಿತೀಯ. ಕೂತ್ಕೋ. ಉಸಿರೆತ್ತಬೇಡ."

ದೀಪ ಆರಿತು. ಉಸಿರು ಬಂತು. ಆಟದೊಳಗೆ ಅಣ್ಣ ನಿಂತ. ಕಾದ. ಇನ್ನೂ ಕಾದ, ನನಗೆ ಕೂಗಬೇಕು ಅನಿಸುವಷ್ಟು. ಉಸಿರು ತಲೆ ಮೇಲೆ ಹಾದುಹೋಯಿತು. ಆಮೇಲೆ ಮೆಲ್ಲಗೆ ನಡೆದ. ಕೊನೆಯ ಬಾಗಿಲು ಕಿರ್ರೆಂದಿತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಮೋಸವಿಲ್ಲದೆ, ಅದರಾಚೆಗೆ ಹೋದೆವು.

"ಪಂದ್ಯ ನೀನು ಸೋತಿದೀಯ, ಅದರಲ್ಲಿ ಎರಡು ಮಾತಿಲ್ಲ" ಅಂದ. "ಆದರೆ ಕಾರಿಡಾರ್ ದಾಟಿದ್ದಾಯ್ತಲ್ಲ."

ಕಂಟ್ರೋಲರ್ ನನ್ನ ಮಡಿಲಿಗಿಟ್ಟ.

"ಇನ್ನೊಂದು. ಆವತ್ತು ಅಂಗಡಿಗೆ ಬರೋ ಮುಂಚೆ ಬಸ್ಸಿನ ಎಡಗಡೆ ಕನ್ನಡಿ ಎರಡು ಸಲ ಕಂಬಕ್ಕೆ ಹೊಡೆದಿದ್ದೆ. ನಿನಗೆ ಹೇಳಲಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಎಲ್ಲಾ ನಿನ್ನ ತಲೆ ಮೇಲೆ ಹೊತ್ಕೋಬೇಡ. ಮೇಷ್ಟ್ರಿಗೆ ಫೋನ್ ಮಾಡು."

ಮಾರ್ಚ್ 23, ಸೋಮವಾರ. ಬೆಳಿಗ್ಗೆ ಏಳೂ ನಲವತ್ತು

ಅಣ್ಣನ ಮನೆ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಮೇಷ್ಟ್ರು ಕೆಳಗೆ ಬೀದಿಯಲ್ಲಿ ಕಾಯುತ್ತಿದ್ದಾರೆ. ಕೋಲು ನಿನ್ನೆ ಸಂಜೆ ಕೊಟ್ಟು, ಮೆಟ್ಟಿಲು ತೋರಿಸಿ ಹೋಗಿದ್ದರು. ಒಬ್ಬನೇ ಇಳಿಯುತ್ತೇನೆ, ಯಾರೂ ಹಿಂದೆ ಬರಬೇಡಿ, ಮಾತೂ ಆಡಬೇಡಿ ಅಂದಿದ್ದಾನೆ ಅಣ್ಣ. ಸುಮ್ಮನಿರಲು ಆಗದೆ ಪೆನ್ನು ಹಿಡಿದಿದ್ದೇನೆ.

ಟಕ್... ಟಕ್... ಒಂದು ಮಹಡಿ ಇಳಿದ. ಎರಡನೇ ತಿರುವು. ಸದ್ದು ನಿಂತಿತು.

ಇನ್ನೂ ನಿಂತೇ ಇದೆ. ಎದ್ದೆ. ಅತ್ತಿಗೆ ಕೈ ಹಿಡಿದೆಳೆದು ಕೂರಿಸಿದರು.

ಕೆಳಗಿನಿಂದ ಅವನ ದನಿ. "ಗುಬ್ಬೀ, ಬಗ್ಗಿ ನೋಡ್ತಿದೀಯ ಅಲ್ವಾ? ಕಣ್ಣು ಮುಚ್ಚೇ. ಕೇಳಿಸ್ಕೋ. ಕಾಯ್ತಾ ಇದೀನಿ ಅಷ್ಟೇ, ಯಾರೋ ಹತ್ತಿ ಬರ್ತಿದಾರೆ."

ಮುಚ್ಚಿದೆ. ನಿಜವಾಗಿ ಮುಚ್ಚಿದ್ದೇನೆ. ಪೆನ್ನಿನ ಗೆರೆ ಎಲ್ಲಿಗೆ ಹೋಗುತ್ತಿದೆಯೋ. ಹತ್ತಿ ಬಂದವರು ಅವನ ಪಕ್ಕದಲ್ಲಿ ಹಾದುಹೋದರು. ಟಕ್. ಮತ್ತೆ ಟಕ್. ಈಗ ಕೆಳಗಿನ ಮಹಡಿ. ಈಗ ನೆಲ, ಸದ್ದು ಬೇರೆಯಾಯಿತು. ಬೀದಿ ಬಾಗಿಲಿನ ಚಿಲಕ ಸರಿಯಿತು, ಬಾಗಿಲು ಕಿರ್ರೆಂದಿತು.